ಮೂಡು ಮಿಂಚಿದರೆ ಮೊದಲು ಮದ್ದಳೆ

ಮೇ ತಿಂಗಳ ಇಳಿಹೊತ್ತು. ಬೆಳ್ತಂಗಡಿ ಕಡೆಯ ಒಂದು ಹಳ್ಳಿಯಲ್ಲಿ, ಕೊಯ್ಲು ಮುಗಿದು ಬಿಸಿಲಿಗೆ ಬಾಯಿಬಿಟ್ಟ ಗದ್ದೆಯ ಅಂಚಿಗೆ ಯಕ್ಷಗಾನ ಮೇಳದ ಲಾರಿ ಬಂದು ನಿಂತಿದೆ. ಹಿಂದಿನ ಬಾಗಿಲು ತೆರೆದದ್ದೇ ತಡ, ಆಳುಗಳು ರಂಗಸ್ಥಳದ ಕಬ್ಬಿಣದ ಕಂಬಗಳನ್ನು ಹೆಗಲಿಗೇರಿಸಿಕೊಂಡು ಇಳಿಯುತ್ತಾರೆ. ಹಲಗೆಗಳು ಧಡಧಡನೆ ನೆಲಕ್ಕೆ ಬೀಳುತ್ತವೆ. ವೇಷದ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬಣ್ಣ ಹಚ್ಚುವ ಚೌಕಿಯ ಕಡೆಗೆ ಸಾಗುತ್ತವೆ. ಬದುವಿನ ಮೇಲೆ ಚರುಮುರಿಯವನು ಆಗಲೇ ಗಾಡಿ ನಿಲ್ಲಿಸಿ ಈರುಳ್ಳಿ ಹೆಚ್ಚಲು ಕೂತಿದ್ದಾನೆ. ಆಟ ಆಡಿಸುವ ಮನೆಯ ಅಂಗಳದಿಂದ ಒಗ್ಗರಣೆಯ ಘಮ ಗಾಳಿಗೆ ಸೇರಿ ಗದ್ದೆಯವರೆಗೂ ಬರುತ್ತಿದೆ. ಈ ಗಡಿಬಿಡಿಯಲ್ಲಿ ನೀವು ಸ್ವಲ್ಪ ಪಕ್ಕಕ್ಕೆ ಸರಿದು, ದಪ್ಪ ಬಟ್ಟೆಯ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ನಡೆದು ಬರುತ್ತಿರುವ ಇಬ್ಬರನ್ನು ನೋಡಿ. ಉಳಿದದ್ದನ್ನೆಲ್ಲ ಆಳುಗಳು ಇಳಿಸುತ್ತಾರೆ. ಈ ಚೀಲಗಳನ್ನು ಮಾತ್ರ ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಚೌಕಿಯ ಮೂಲೆಯಲ್ಲಿ ಚಾಪೆ ಹಾಸಿ, ಚೀಲದ ಬಾಯಿ ಬಿಚ್ಚುತ್ತಾರೆ. ಮೊದಲು ಹೊರಬರುವುದು ಮದ್ದಳೆ. ಹಲಸಿನದೋ ಕಕ್ಕೆಯದೋ ಮರವನ್ನು ಕೊರೆದು ಮಾಡಿದ ಒಡಲು ಕೈಯ ಬೆವರು, ಎಣ್ಣೆ ಹತ್ತಿ ಹತ್ತಿ ಕಂದುಗಪ್ಪಾಗಿದೆ. ಎರಡು ಮುಖಗಳನ್ನೂ ಬಾರುಗಳು ಎಳೆದು ಹಿಡಿದಿವೆ. ಬಲದ ಮುಚ್ಚಿಗೆಯ ನಡುವೆ ಕರಣೆಯ ಕಪ್ಪು ವೃತ್ತ. ಹತ್ತಿರ ಬಗ್ಗಿ ನೋಡಿದರೆ ಅದರ ಮೇಲೆ ಕೂದಲೆಳೆಯಂಥ ನೂರಾರು ಬಿರುಕುಗಳು ಕಾಣುತ್ತವೆ. ಹೊಸಬರು ಅದನ್ನು ಹಳತಾದ ಗುರುತು ಅಂದುಕೊಳ್ಳುತ್ತಾರೆ. ಹಾಗಲ್ಲ, ಆ ಬಿರುಕುಗಳು ಇದ್ದರೇ ಗಟ್ಟಿ ಕರಣೆ ಚರ್ಮದ ಜೊತೆಗೆ ಬಾಗುತ್ತ ಏಳುತ್ತ ನುಡಿಯಲು ಸಾಧ್ಯ. ಕಬ್ಬಿಣದ ಅಂಶವಿರುವ ಕಲ್ಲನ್ನು ನುಣ್ಣಗೆ ಪುಡಿಮಾಡಿ, ಬೆಂದ ಅನ್ನದ ಜೊತೆ ಅರೆದು, ಚೂರುಚೂರೇ ಹಚ್ಚಿ, ನಯವಾದ ಕಲ್ಲಿನಿಂದ ಒಣಗುವ ತನಕ ಉಜ್ಜಿ, ಅದರ ಮೇಲೆ ಮತ್ತೊಂದು ಪದರ ಹಚ್ಚಿ, ಹೀಗೆ ಗಂಟೆಗಟ್ಟಲೆ ಕೂತು ಕಟ್ಟಿದ ಮುಖ ಅದು. ಬೆಂದ ಅನ್ನವೇ ಅದಕ್ಕೆ ಅಂಟು. ನೀರು ಸೋಕಿದರೆ ಅನ್ನ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮದ್ದಳೆಯ ಪಕ್ಕಕ್ಕೆ ಚಂಡೆ ಬಂದು ಕೂರುತ್ತದೆ. ಅದು ಉರುಟಾಗಿ ನೇರ ನಿಂತ ಗಂಭೀರ ವಾದ್ಯ. ಮರದ ಒಡಲ ಸುತ್ತ ಮೇಲಿಂದ ಕೆಳಗೆ ಹಗ್ಗಗಳು ಓರಣವಾಗಿ ಇಳಿದಿವೆ. ಚಂಡೆಯವರು ಅದನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಒಂದೊಂದೇ ಹಗ್ಗವನ್ನು ಮೈಭಾರ ಬಿಟ್ಟು ಎಳೆಯುತ್ತಾರೆ. ಕೈಯ ನರಗಳು ಉಬ್ಬುತ್ತವೆ. ಎಳೆದು, ಕೋಲಿನಿಂದ ಮೆಲ್ಲಗೆ ತಟ್ಟಿ, ಕಿವಿ ಕೊಟ್ಟು ಕೇಳಿ, ಮತ್ತೆ ಎಳೆಯುತ್ತಾರೆ. ‘ಡಬ್’ ಎನ್ನುತ್ತಿದ್ದ ಚರ್ಮ ಬರಬರುತ್ತ ‘ಟಣ್’ ಅನ್ನತೊಡಗುತ್ತದೆ. ಅತ್ತ ಮದ್ದಳೆಯವರು ಮುಚ್ಚಿಗೆಯ ಅಂಚಿಗೆ ಸುತ್ತಲೂ ಸಣ್ಣ ಕಲ್ಲಿನಿಂದ ಪೆಟ್ಟು ಕೊಡುತ್ತ ಶ್ರುತಿ ಕೂಡಿಸುತ್ತಿದ್ದಾರೆ. ಇವತ್ತು ಹಾಡುವ ಭಾಗವತರ ಶ್ರುತಿ ‘ಕಪ್ಪು ಎರಡು’. ನಾಳೆ ಬೇರೆ ಭಾಗವತರಿದ್ದರೆ ಶ್ರುತಿಯೂ ಬೇರೆ. ಅದಕ್ಕೇ ಮೂಲೆಯಲ್ಲಿ ಒಂದಲ್ಲ, ಎರಡು ಮದ್ದಳೆಗಳಿವೆ. ಚಂಡೆಗೂ ಜೋಡಿಯಿದೆ. ಈ ಜೋಡಿಯ ಇನ್ನೊಂದು ಉಪಯೋಗ ಏನೆಂಬುದು ರಾತ್ರಿ ಗೊತ್ತಾಗುತ್ತದೆ.

ಹೊತ್ತು ಕಂತಿದಾಗ ಕೇಳಿ ಬಡಿಯುತ್ತಾರೆ. ಇವತ್ತು ಇಲ್ಲಿ ಆಟವಿದೆ ಎಂದು ಸುತ್ತಲಿನ ಊರುಗಳಿಗೆ ಸಾರುವ ಬಡಿತ ಅದು. ಮೈಕು ಬರುವ ಮೊದಲಿನ ಕಾಲದಲ್ಲಿ ಅದೇ ಕರೆಯೋಲೆ. ಚಂಡೆಯ ಸದ್ದು ಗದ್ದೆ ದಾಟಿ, ಅಡಿಕೆ ತೋಟ ದಾಟಿ, ಹೊಳೆಯಾಚೆಯ ಗುಡ್ಡಕ್ಕೆ ತಗಲಿ ವಾಪಸು ಬರುತ್ತದೆ. ಅಷ್ಟರಲ್ಲಿ ಗಡಾಯಿಕಲ್ಲು ಬೆಟ್ಟದ ಹಿಂದೆ ಆಕಾಶ ಒಮ್ಮೆ ಬೆಳಗಿ ಆರುತ್ತದೆ.

“ಮೂಡು ಮಿಂಚ್ತಾ ಉಂಟು ಭಟ್ರೇ.”

“ನೋಡಿದೆ ಮಾರಾಯ. ಟಾರ್ಪಾಲು ಎಲ್ಲಿಟ್ಟಿದ್ದಿ?”

ಇಷ್ಟೇ ಮಾತು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಜೂನಿನ ಮಳೆ ಪಡುವಣ ಕಡಲಿನಿಂದ ಬರುತ್ತದೆ, ದಿನಗಟ್ಟಲೆ ಹೊಯ್ಯುತ್ತದೆ. ಏಪ್ರಿಲ್–ಮೇ ತಿಂಗಳ ಮಳೆಯ ದಾರಿಯೇ ಬೇರೆ. ಹಗಲಿಡೀ ಕಾದ ನೆಲದ ಸೆಕೆಗೆ ಘಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿ, ಸಂಜೆಯೋ ರಾತ್ರಿಯೋ ಮೂಡಣದಿಂದ ಗಾಳಿ ಗುಡುಗಿನ ಜೊತೆ ಇಳಿಯುತ್ತದೆ. ಬರುವುದು ಅರ್ಧ ಗಂಟೆಯಾದರೂ ಬಂದಷ್ಟು ಹೊತ್ತು ಅಡ್ಡಡ್ಡ ಬೀಸಿ ಹೊಡೆಯುತ್ತದೆ. ಮೇಲೆ ಚಪ್ಪರವಿದ್ದರೂ ಇಂಥ ಇರಚಲಿಗೆ ಅದು ಸಾಲದು. ಇತ್ತೀಚೆಗೆ ಕಾಲಮಿತಿಯ ಆಟಗಳು ಹೆಚ್ಚಾಗಿ, ಸಂಜೆಯೇ ಶುರುವಾಗಿ ನಡುರಾತ್ರಿಯ ಸುಮಾರಿಗೆ ಮುಗಿಯುತ್ತವೆ. ಹಾಗಾಗಿ ಆಟದ ಹೊತ್ತೂ ಗುಡುಗುಮಳೆಯ ಹೊತ್ತೂ ಒಂದರ ಮೇಲೊಂದು ಬಂದು ಕೂತಿವೆ.

ಮದ್ದಳೆಯ ಭಟ್ಟರು ಎದ್ದು ರಂಗಸ್ಥಳಕ್ಕೆ ಒಂದು ಸುತ್ತು ಬರುತ್ತಾರೆ. ಹಿಮ್ಮೇಳ ಕೂರುವ ಹಲಗೆಯ ಮೇಲಿನ ತಗಡು ಎತ್ತ ಇಳಿಜಾರಾಗಿದೆ, ನೀರು ಎಲ್ಲಿ ಸುರಿಯುತ್ತದೆ ಎಂದು ಕತ್ತೆತ್ತಿ ನೋಡುತ್ತಾರೆ. ಮೂಡಣದ ಬದಿಗೆ ಒಂದು ಟಾರ್ಪಾಲು ಇಳಿಬಿಡಿಸುತ್ತಾರೆ. ಮೈಕಿನ ವಯರು ನೆಲದಲ್ಲಿ ಹಾದುಹೋಗುವಲ್ಲಿ ಅದನ್ನು ಎತ್ತಿ ಕಂಬಕ್ಕೆ ಕಟ್ಟಲು ಹೇಳುತ್ತಾರೆ. ಕೊನೆಗೆ ತಾವು ಕೂರುವ ಜಾಗದ ಹಿಂದೆ, ಕೈಚಾಚಿದರೆ ಸಿಗುವ ಹಾಗೆ ಹಳೆಯ ಹತ್ತಿಯ ಪಂಚೆ ಎರಡು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ಕು ಮಡಚಿ ಇಡುತ್ತಾರೆ. ಮೊದಲು ಬಟ್ಟೆ, ಆಮೇಲೆ ಪ್ಲಾಸ್ಟಿಕ್ಕು. ಈ ಅನುಕ್ರಮ ತಪ್ಪಬಾರದು. ಪ್ಲಾಸ್ಟಿಕ್ಕನ್ನು ನೇರ ಚರ್ಮದ ಮೇಲೆ ಹೊದೆಸಿದರೆ ಒಳಗೆ ಸೆಕೆ ಕೂತು ಬೆವರು ಹನಿಯುತ್ತದೆ. ಹೊರಗಿನ ಮಳೆ ತಪ್ಪಿತು, ಒಳಗೇ ಮಳೆ ಬಂತು ಅನ್ನುವ ಹಾಗಾಗುತ್ತದೆ.

ಚರ್ಮಕ್ಕೆ ನೀರು ಹನಿಯಾಗಿಯೇ ಬೀಳಬೇಕೆಂದಿಲ್ಲ. ಗಾಳಿಯಲ್ಲಿರುವ ತೇವವನ್ನೂ ಅದು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಹಾಕಲು ಮರೆತ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಎಳೆ ಹಿಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಡಿಸೆಂಬರ್–ಜನವರಿಯಲ್ಲಿ ಮಳೆಯ ಮಾತೇ ಇಲ್ಲದ ರಾತ್ರಿಗಳಲ್ಲೂ ಬೆಳಗಿನ ಜಾವದ ಇಬ್ಬನಿಗೆ ಚಂಡೆ ‘ಇಳಿದು’ ಹೋಗುವುದನ್ನು ಹಿಮ್ಮೇಳದವರೆಲ್ಲ ಬಲ್ಲರು. ಹನಿ ಬಿದ್ದರಂತೂ ಅನಾಹುತ ಇನ್ನೂ ಹೆಚ್ಚು. ಬಿದ್ದ ಜಾಗ ಮಾತ್ರ ನೆನೆದು ಭಾರವಾಗಿ, ಉಳಿದ ಜಾಗ ಬಿಗಿಯಾಗಿಯೇ ಇದ್ದು, ಒಂದೇ ಮುಖ ಎರಡು ದನಿಯಲ್ಲಿ ಮಾತಾಡತೊಡಗುತ್ತದೆ. ಮದ್ದಳೆಯ ಮಟ್ಟಿಗೆ ಇದು ಬರೀ ಬಿಗಿಯ ಪ್ರಶ್ನೆಯೂ ಅಲ್ಲ. ಬೇರೆ ದೇಶಗಳ ಎಷ್ಟೋ ಡೋಲುಗಳು ಬರೀ ಸದ್ದು ಮಾಡುವಲ್ಲಿ ನಮ್ಮ ಮೃದಂಗ, ತಬಲಾಗಳು ಸ್ವರ ಹೇಗೆ ನುಡಿಯುತ್ತವೆ ಎಂಬುದು ಸಿ.ವಿ. ರಾಮನ್ ಅವರನ್ನೂ ಕಾಡಿದ ಪ್ರಶ್ನೆ. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಆಮೇಲೆ 1934ರಲ್ಲಿ ಬೆಂಗಳೂರಿನಿಂದ ಹೊರಡುವ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರು ಅದಕ್ಕೆ ಉತ್ತರ ಬರೆದರು. ಚರ್ಮದ ನಡುವೆ ಹೊರಿಸಿದ ಆ ಕಪ್ಪು ಭಾರವೇ ಅದರ ಕಂಪನಗಳನ್ನು ಒಂದರೊಡನೊಂದು ಸ್ವರಬದ್ಧವಾಗಿ ಹೊಂದಿಸುತ್ತದೆ. ಅದೇ ಬಗೆಯ ಮುಖ ಹೊತ್ತ ಮದ್ದಳೆಯಲ್ಲಿ ಕರಣೆಯ ಒಂದು ಚೂರು ನೆನೆದು ಎದ್ದರೂ ಆ ಹೊಂದಿಕೆ ಕೆಡುತ್ತದೆ. ಭಟ್ಟರು ಆ ಲೇಖನ ಓದಿದವರಲ್ಲ. ಆದರೆ ಬೆರಳಿಟ್ಟು ಒತ್ತಿದರೆ ಸಾಕು, ಎಲ್ಲಿ ಎಷ್ಟು ತೇವ ಹತ್ತಿದೆ ಎಂದು ಹೇಳಬಲ್ಲರು.

ಆಟ ಶುರುವಾಗಿದೆ. ಪೂರ್ವರಂಗ ಮುಗಿದು ಪ್ರಸಂಗ ಏರುತ್ತಿದೆ. ಇವತ್ತು ‘ದೇವಿಮಹಾತ್ಮೆ’. ಗದ್ದೆಯ ತುಂಬ ಜನ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಮಕ್ಕಳ ಕಣ್ಣುಗಳು ರೆಪ್ಪೆ ಮುಚ್ಚಲೊಲ್ಲವು, ಮಹಿಷಾಸುರ ಬರುವ ಹೊತ್ತಾಗಿದೆ. ದೂರದಲ್ಲಿ, ಜನರ ಹಿಂದಿನಿಂದ, ದೊಂದಿಗಳು ಹೊತ್ತಿಕೊಳ್ಳುತ್ತವೆ. ರಾಳ ಎರಚಿದಾಗ ಬೆಂಕಿಯ ಉಂಡೆ ಆಕಾಶಕ್ಕೆ ಏರಿ ಹೊಗೆಯ ವಾಸನೆ ಹರಡುತ್ತದೆ. ಅಟ್ಟಹಾಸದ ಆರ್ಭಟಕ್ಕೆ ಉತ್ತರವಾಗಿ ಚಂಡೆ ಸಿಡಿಯುತ್ತದೆ. ಎರಡು ಕೋಲುಗಳು ಎಷ್ಟು ಬೇಗ ಬೀಳುತ್ತವೆಂದರೆ ಕಣ್ಣಿಗೆ ಅವು ಕಾಣುವುದೇ ಇಲ್ಲ, ಎದೆಯೊಳಗೆ ಮಾತ್ರ ಬಡಿತ ಗೊತ್ತಾಗುತ್ತದೆ. ಗದ್ದೆಯೆಲ್ಲ ಆ ಸದ್ದಿಗೆ ಒಂದಾಗಿ ನಿಂತಿದೆ.

ಆಗ ಗಾಳಿ ತಿರುಗುತ್ತದೆ. ಸೆಕೆಯ ನಡುವೆ ಒಮ್ಮೆಲೇ ತಣ್ಣಗೆ, ಒದ್ದೆ ಮಣ್ಣಿನ ವಾಸನೆ ಹೊತ್ತ ಗಾಳಿ. ಜನಕ್ಕೆ ಅದು ಹಿತ. ಹಿಮ್ಮೇಳದ ಈ ಇಬ್ಬರಿಗೆ ಅದು ಎಚ್ಚರಿಕೆ. ಮದ್ದಳೆಯವರ ಕೈ ನಿಲ್ಲುವುದಿಲ್ಲ, ಕಣ್ಣು ಮಾತ್ರ ಹಿಂದಿನ ಪಂಚೆಯ ಮೇಲೆ ಹೋಗಿ ಬರುತ್ತದೆ. ಮಾವಿನ ತೋರಣ ಪಟಪಟನೆ ಹೊಡೆದುಕೊಳ್ಳುತ್ತದೆ. ಮೊದಲ ಹನಿಗಳು ತಗಡಿನ ಮೇಲೆ ಅಲ್ಲೊಂದು ಇಲ್ಲೊಂದು ಬಿದ್ದು ಎಣಿಸುವಷ್ಟು ಹೊತ್ತೂ ಕೊಡದೆ ಒಟ್ಟಾಗುತ್ತವೆ. ಜನ ಚಾಪೆ ಸುತ್ತಿ ತಲೆಯ ಮೇಲೆ ಹಿಡಿದು ಓಡುತ್ತಾರೆ. ಕುರ್ಚಿಗಳು ಮಗುಚುತ್ತವೆ. ಭಾಗವತರು ತಾಳ ಹಾಕಿ ಪದ್ಯ ಮುಗಿಸಿ ಜಾಗಟೆ ಕೆಳಗಿಡುತ್ತಾರೆ.

ಭಟ್ಟರು ಆ ಹೊತ್ತಿಗಾಗಲೇ ಮಳೆ ಬರುವ ದಿಕ್ಕಿಗೆ ಬೆನ್ನು ಕೊಟ್ಟು, ಮದ್ದಳೆಯ ಮೇಲೆ ಬಾಗಿಬಿಟ್ಟಿದ್ದಾರೆ. ಹೆಗಲ ಶಾಲು ತೆಗೆದು ಮೊದಲು ಬಲದ ಮುಖಕ್ಕೆ, ಕರಣೆಯ ಮೇಲೆ, ಎರಡು ಸುತ್ತು ಬರುವಂತೆ ಸುತ್ತುತ್ತಾರೆ. ಆಮೇಲೆ ಎಡಕ್ಕೆ. ಅದರ ಮೇಲೆ ಪಂಚೆ, ಅದರ ಮೇಲೆ ಪ್ಲಾಸ್ಟಿಕ್ಕು. ನೆಲಕ್ಕೆ ಇಡುವುದಿಲ್ಲ, ಹಲಗೆಯ ಸಂದಿನಿಂದ ನೀರು ಚಿಮ್ಮುತ್ತದೆ. ತೊಡೆಯ ಮೇಲೇ ಇಟ್ಟುಕೊಂಡು ಕೂರುತ್ತಾರೆ. ಆಟ ಆಡಿಸುವ ಮನೆಯ ಹುಡುಗನೊಬ್ಬ ಓಡಿ ಬಂದು ಕೊಡೆ ಬಿಡಿಸಿ ಅವರ ತಲೆಯ ಮೇಲೆ ಹಿಡಿದರೆ, ಅವರು ಕೊಡೆಯ ಕಾವನ್ನು ಹಿಡಿದು ಚಂಡೆಯ ಕಡೆಗೆ ಸರಿಸುತ್ತಾರೆ.

“ನೀವು ಒದ್ದೆಯಾಗ್ತೀರಲ್ಲ!”

“ನಾನು ಒದ್ದೆಯಾದ್ರೆ ಒರೆಸಿಕೊಳ್ಳಬಹುದು ಮಗಾ. ಇದು ಒದ್ದೆಯಾದ್ರೆ? ನಾಳೆಯೂ ಆಟ ಉಂಟಲ್ಲ.”

ಆ ‘ನಾಳೆಯೂ ಆಟ ಉಂಟು’ ಎಂಬ ಮಾತಿನಲ್ಲಿ ಇಡೀ ತಿರುಗಾಟದ ಭಾರವಿದೆ. ಬಯಲಾಟದ ಮೇಳಗಳು ದೀಪಾವಳಿಯ ಆಸುಪಾಸಿಗೆ ಹೊರಟರೆ ಸುಮಾರು ಆರು ತಿಂಗಳು ದಿನಕ್ಕೊಂದು ಊರು. ಕಟೀಲು, ಧರ್ಮಸ್ಥಳ, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಿಗೆ ಹರಕೆಯ ಆಟ ಬರೆಸಿ ವರ್ಷಗಟ್ಟಲೆ ಕಾದ ಮನೆಗಳಿರುತ್ತವೆ. ಇವತ್ತು ನೆನೆದ ಮದ್ದಳೆ ನಾಳೆ ಸಂಜೆಯೊಳಗೆ ನುಡಿಯಲೇಬೇಕು. ಹೊಸ ಮುಚ್ಚಿಗೆ ಹಾಕಿ, ಕರಣೆ ಕಟ್ಟಿ, ಅದು ಪಳಗಿ ಕೈಗೆ ಹತ್ತಲು ದಿನಗಳು ಬೇಕು. ಆ ಕೆಲಸ ಬಲ್ಲವರು ಊರಿಗೊಬ್ಬರೂ ಇಲ್ಲ.

ಮಳೆ ಬಂದಷ್ಟೇ ಬೇಗ ನಿಲ್ಲುತ್ತದೆ. ಗದ್ದೆಯ ಬಿರುಕುಗಳು ನೀರು ಕುಡಿಯುವ ಸದ್ದು ಕೇಳುತ್ತದೆ, ಕಪ್ಪೆಯೊಂದು ಆಗಲೇ ವಟಗುಟ್ಟುತ್ತಿದೆ. ಜನ ಒಬ್ಬೊಬ್ಬರಾಗಿ ಮರಳಿ ಬಂದು ಕುರ್ಚಿ ಒರೆಸಿಕೊಳ್ಳುತ್ತಾರೆ. ಈಗ ಚಂಡೆಯವರ ಸರದಿ. ಕೊಡೆ ಹಿಡಿದರೂ ಇರಚಲು ಬಡಿದು ಒಂದು ಚಂಡೆಯ ಅಂಚು ತೇವವಾಗಿದೆ. ಅದನ್ನು ಬದಿಗಿಟ್ಟು ಚೌಕಿಯಲ್ಲಿ ಬೆಚ್ಚಗೆ ಇಟ್ಟಿದ್ದ ಇನ್ನೊಂದನ್ನು ತರಿಸುತ್ತಾರೆ. ಜೋಡಿ ಇಟ್ಟುಕೊಂಡದ್ದರ ಗುಟ್ಟು ಇಲ್ಲಿದೆ. ತೇವವಾದ ಚಂಡೆಯನ್ನು ಒಣ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯುತ್ತಾರೆ, ಉಜ್ಜುವುದಿಲ್ಲ. ಬಳಿಕ ಚೌಕಿಯ ದೀಪದಿಂದ ಒಂದು ಮೊಳ ದೂರದಲ್ಲಿ ಹಿಡಿದು, ತಿರುಗಿಸುತ್ತ ತಿರುಗಿಸುತ್ತ ಕಾಯಿಸುತ್ತಾರೆ. ದೊಂದಿಯ ಕಾಲದಲ್ಲಿ ದೊಂದಿಯ ಬಿಸಿ, ಗ್ಯಾಸ್‌ಲೈಟ್ ಬಂದಾಗ ಅದರ ಬಿಸಿ, ಈಗ ಹ್ಯಾಲೊಜೆನ್ ದೀಪ. ಕೆಲವರ ಚೀಲದಲ್ಲಿ ಕೂದಲು ಒಣಗಿಸುವ ಯಂತ್ರವೂ ಇರುತ್ತದೆ. ಬಿಸಿಯ ಮೂಲ ಬದಲಾದರೂ ದೂರದ ಅಳತೆ ಬದಲಾಗಿಲ್ಲ. ಅವಸರಕ್ಕೆ ಬಿದ್ದು ಹತ್ತಿರ ಹಿಡಿದರೆ ಚರ್ಮ ಒಂದು ಕಡೆ ಒಮ್ಮೆಲೇ ಸೆಟೆದು, ಮೊದಲ ಜೋರು ಪೆಟ್ಟಿಗೇ ಹರಿಯುತ್ತದೆ. ಘಟ್ಟದ ಮೇಲೆ ತಮಟೆಯವರು ಮೆರವಣಿಗೆಗೆ ಮೊದಲು ಹುಲ್ಲು ಹೊತ್ತಿಸಿ ತಮಟೆ ಕಾಯಿಸುವುದನ್ನು ನೀವು ನೋಡಿರಬಹುದು. ಅಲ್ಲೂ ಬೆಂಕಿಯ ಮುಂದೆ ತಮಟೆ ಒಂದು ಕ್ಷಣವೂ ಒಂದೇ ಕಡೆ ನಿಲ್ಲುವುದಿಲ್ಲ. ಮದ್ದಳೆಗೆ ಮಾತ್ರ ಈ ಚಿಕಿತ್ಸೆ ಇಲ್ಲ. ಬೆಂಕಿಯ ಬಿಸಿಗೆ ಕರಣೆ ಹುಡಿಯಾಗಿ ಉದುರುತ್ತದೆ. ಅದಕ್ಕೆ ನೆರಳು, ಗಾಳಿ ಮತ್ತು ತಾಳ್ಮೆ ಇಷ್ಟೇ ಮದ್ದು. ಅದಕ್ಕೇ ಮಿಂಚು ಕಂಡರೆ ಮೊದಲು ಮದ್ದಳೆ, ಆಮೇಲೆ ಉಳಿದದ್ದು.

ನಿಂತ ಆಟ ಮತ್ತೆ ಏಳುತ್ತದೆ. ಚಂಡೆಯವರು ಹಗ್ಗ ಎಳೆದು ನೋಡಿ ತಲೆಯಾಡಿಸುತ್ತಾರೆ. ಭಾಗವತರು ಶ್ರುತಿಗೆ ಕಿವಿಗೊಟ್ಟು ಪದ ಎತ್ತುತ್ತಾರೆ. ಮಹಿಷಾಸುರ ಕೆಸರಿನಲ್ಲೇ ನಡೆದು ರಂಗಸ್ಥಳ ಏರುತ್ತಾನೆ.

ಹಿಂದಿನವರು ವಾದ್ಯವನ್ನು ಮಳೆಯಿಂದ ಕಾಯಲು ಕಟ್ಟಿದ ದೊಡ್ಡ ಚಪ್ಪರ ಬಟ್ಟೆಯದೂ ಅಲ್ಲ, ತಗಡಿನದೂ ಅಲ್ಲ. ಅದು ಪಂಚಾಂಗದ್ದು. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಸಾಮಾನ್ಯವಾಗಿ ಮೇ 24ಕ್ಕೆ ಬೀಳುತ್ತದೆ. ಅಂದು ಮೇಳಗಳು ಕ್ಷೇತ್ರಕ್ಕೆ ಮರಳಿ ಕೊನೆಯ ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತವೆ. ವಾಡಿಕೆಯಂತೆ ಅದಾಗಿ ಹತ್ತು ಹನ್ನೆರಡು ದಿನಗಳಲ್ಲಿ ಕರಾವಳಿಗೆ ಮುಂಗಾರು ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ದಕ್ಷಿಣ ಕನ್ನಡದಲ್ಲಿ ಬಯಲಿನ ಕಲೆಯೊಂದು ಬಾಳಬೇಕಾದರೆ ಇಂಥ ಗಡಿ ಬೇಕಿತ್ತು. ಮಳೆಗಾಲದಲ್ಲಿ ಚಂಡೆ ಮದ್ದಳೆಗಳು ಸುಮ್ಮನಿರುವುದಿಲ್ಲ, ಸೂರಿನಡಿಗೆ ಸರಿಯುತ್ತವೆ. ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತದೆ. ಎರಡೇ ವೇಷ, ಸಣ್ಣ ಹಿಮ್ಮೇಳದ ಚಿಕ್ಕಮೇಳ ಸಂಜೆ ಹೊತ್ತು ಮನೆಮನೆಯ ಚಾವಡಿಗೆ ಬಂದು ಒಂದಿಷ್ಟು ಹೊತ್ತು ಕುಣಿದು ಹೋಗುತ್ತದೆ. ಕಲಾವಿದರಿಗೆ ಅದು ಮಳೆಗಾಲದ ಗಂಜಿ, ವಾದ್ಯಕ್ಕೆ ಮಳೆಗಾಲದ ಆರೈಕೆ. ಕೈಬೀಳುತ್ತಲೇ ಇರುವ ಚರ್ಮಕ್ಕೆ ಬೂಷ್ಟು ಹಿಡಿಯುವುದು ಕಡಿಮೆ. ಬಾರಿಸದ ವಾದ್ಯವನ್ನು ಹಗ್ಗ ಸಡಿಲಿಸಿ, ಬಟ್ಟೆ ಸುತ್ತಿ, ನೆಲ ಗೋಡೆ ತಾಗದಂತೆ, ಒಲೆಯ ಬೆಚ್ಚನೆ ಹವೆ ಬರುವ ಅಟ್ಟದ ಬದಿಯಲ್ಲಿ ಇಡುತ್ತಿದ್ದರು. ಜಿರಲೆ, ಇಲಿಗಳಿಗೆ ಚರ್ಮವೂ ರುಚಿ, ಕರಣೆಯ ಅನ್ನವೂ ರುಚಿ. ಅದಕ್ಕೆ ವಾರಕ್ಕೊಮ್ಮೆಯಾದರೂ ತೆಗೆದು ನೋಡುವುದು ರೂಢಿ. ಒಲೆಯ ಅಟ್ಟ ಇಲ್ಲದ ಇಂದಿನ ಮನೆಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್‌ನ ಪೊಟ್ಟಣಗಳು ಚೀಲದೊಳಗೆ ಸೇರಿವೆ.

ಆದರೆ ಪಂಚಾಂಗದ ಚಪ್ಪರದಲ್ಲಿ ಈಗ ತೂತು ಬಿದ್ದಿದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ರಂದೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅಂದರೆ ಪತ್ತನಾಜೆಗೂ ಮುಂಗಾರಿಗೂ ನಡುವೆ ಉಸಿರಾಡಲು ಇದ್ದ ಆ ಹತ್ತು ಹನ್ನೆರಡು ದಿನಗಳು ಆ ವರ್ಷ ಸಿಗಲೇ ಇಲ್ಲ. ಮಳೆ ತನ್ನ ದಿನ ಬದಲಿಸಿಕೊಂಡರೂ ಮೇಳಕ್ಕೆ ಒಂದೇ ಸಲಕ್ಕೆ ಬದಲಿಸಿಕೊಳ್ಳಲಾಗದು. ಹರಕೆಯ ದಿನಗಳು ಮೊದಲೇ ನಿಶ್ಚಯವಾಗಿರುತ್ತವೆ. ಹಾಗಾಗಿ ಕಾಯುವ ಹೊಣೆ ಈಗ ಪಂಚಾಂಗದಿಂದ ಮನುಷ್ಯರ ಕೈಗೆ ಬಂದಿದೆ. ಅದು ಕಲಾವಿದರ ಕೈಗೆ ಮಾತ್ರ ಬಂದದ್ದಲ್ಲ, ಆಟ ಆಡಿಸುವವರ ಕೈಗೂ ಬಂದಿದೆ.

ಆದ್ದರಿಂದ ನಿಮ್ಮ ಮನೆಯಲ್ಲೋ ಊರಲ್ಲೋ ಆಟ ಇದ್ದರೆ, ಕುರ್ಚಿ, ದೀಪ, ಊಟದ ಲೆಕ್ಕ ಹಾಕುವ ಮೊದಲು ಹಿಮ್ಮೇಳ ಕೂರುವ ಜಾಗಕ್ಕೆ ಒಮ್ಮೆ ಹೋಗಿ ನಿಲ್ಲಿ. ತಲೆಯ ಮೇಲೆ ಸೋರದ ಸೂರು, ಮೂಡಣಕ್ಕೊಂದು ಅಡ್ಡ ಮರೆ, ನೆಲದಿಂದ ಒಂದು ಗೇಣು ಎತ್ತರದ ಒಣ ಹಲಗೆ, ಹತ್ತು ಹೆಜ್ಜೆಯಲ್ಲಿ ಸಿಗುವ ಒಂದು ಬೆಚ್ಚನೆ ಕೋಣೆ, ಇಷ್ಟನ್ನು ಮಾಡಿಕೊಡಿ. ಎಲ್ಲಿ ಕೂರಿಸಬೇಕೆಂದು ಚಂಡೆ ಮದ್ದಳೆಯವರನ್ನೇ ಕೇಳಿ. ಮಳೆ ಬಂದಾಗ ಅವರು ಕೈ ನಿಲ್ಲಿಸಿದರೆ ‘ಇನ್ನೊಂದು ಪದ್ಯ ಆಗಲಿ’ ಎಂದು ಒತ್ತಾಯಿಸಬೇಡಿ. ಮುಚ್ಚಿಗೆ ಹಾಳಾದರೆ ಅದರ ಖರ್ಚನ್ನು ಕಲಾವಿದರ ತಲೆಗೆ ಕಟ್ಟದೆ ಆಟದ ಖರ್ಚಿಗೇ ಸೇರಿಸಿ. ನಿಂತ ಆಟವನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಎತ್ತಬಹುದು, ನೆನೆದ ಕರಣೆಯನ್ನು ಅರ್ಧ ಗಂಟೆಯಲ್ಲಿ ಕಟ್ಟಲಾಗದು.